ಗೋಡೆಯ ಬಿಸಿಲಿಗೆ ಬಳ್ಳಿಯ ನೆರಳು

ನಮ್ಮ ಕಾವ್ಯಗಳಲ್ಲಿ ಬಳ್ಳಿ ಒಂಟಿಯಾಗಿ ಬರುವುದು ಅಪರೂಪ. ಅದು ಬಂದಿತೆಂದರೆ ಪಕ್ಕದಲ್ಲಿ ಒಂದು ಮಾವಿನ ಮರವೋ ಒಂದು ಹಂದರವೋ ಇದ್ದೇ ಇರುತ್ತದೆ. ಮರವನ್ನಪ್ಪಿದ ಮಲ್ಲಿಗೆ, ಚಪ್ಪರಕ್ಕೆ ಹಬ್ಬಿದ ಜಾಜಿ, ಆಸರೆ ತಪ್ಪಿ ನೆಲಕ್ಕೊರಗಿದ ಲತೆ, ಇವೆಲ್ಲ ನಮ್ಮ ಕವಿಗಳಿಗೆ ಶತಮಾನಗಳಿಂದ ಒದಗಿಬಂದ ಉಪಮಾನಗಳು. ಬಳ್ಳಿಯೆಂದರೆ ಕೋಮಲವಾದದ್ದು, ಸ್ವಂತ ಬಲವಿಲ್ಲದ್ದು, ಪರಾಶ್ರಯವಿಲ್ಲದೆ ಬಾಳಲಾರದ್ದು ಎಂಬ ಭಾವನೆ ಹೀಗೆ ನಮ್ಮಲ್ಲಿ ಬೇರೂರಿದೆ.

ಸಸ್ಯಶಾಸ್ತ್ರದ ನೋಟ ಇದಕ್ಕಿಂತ ಬೇರೆ. ಮರವೊಂದು ಬೆಳಕಿನ ಎತ್ತರಕ್ಕೆ ಏರಬೇಕಾದರೆ ಕಾಂಡವನ್ನು ದಪ್ಪಮಾಡಿಕೊಳ್ಳಬೇಕು, ಗಾಳಿಗೆ ಜಗ್ಗದಂತೆ ನೆಲದಲ್ಲಿ ಬೇರನ್ನು ಅಗಲವಾಗಿ ಊರಬೇಕು. ವರ್ಷಗಟ್ಟಲೆ ದುಡಿದು ಗಳಿಸಿದ್ದರಲ್ಲಿ ಬಹುಭಾಗವನ್ನು ಅದು ಕಟ್ಟಿಗೆಗೆ ಸುರಿಯುತ್ತದೆ. ಬಳ್ಳಿ ಆ ವೆಚ್ಚವನ್ನು ಉಳಿಸಿಕೊಳ್ಳುತ್ತದೆ. ಯಾರೋ ಕಟ್ಟಿದ ಕಂಬವನ್ನು ಹಿಡಿದು ಮೇಲೇರಿ, ಉಳಿದುದನ್ನು ಎಲೆಗಾಗಿ ಖರ್ಚುಮಾಡುತ್ತದೆ. ಅದು ದುರ್ಬಲವಾದದ್ದಲ್ಲ, ಮಿತವ್ಯಯದ್ದು. ಒಂದು ಅಡಿ ಮಣ್ಣು, ಒಂದು ಹಗ್ಗ, ಒಂದು ಋತುವಿನ ಕಾಲಾವಕಾಶ ಇಷ್ಟಿದ್ದರೆ ಒಂದು ಕಿಟಕಿಯನ್ನು ಮುಚ್ಚುವಷ್ಟು ಎಲೆಯನ್ನು ಅದು ಹರಡಬಲ್ಲದು. ಈ ಮಿತವ್ಯಯದ ಗುಣವನ್ನು ಇಂದಿನ ನಗರಗಳು ಹೇಗೆ ಬಳಸಿಕೊಳ್ಳಬಹುದು, ಆ ಕೆಲಸದಲ್ಲಿ ಗಣಕಯಂತ್ರ ಯಾವ ಮಟ್ಟಿಗೆ ನೆರವಾಗಬಲ್ಲದು ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ಮೊದಲು ನಗರದ ಸೆಕೆಯ ವಿಚಾರ. ಪೇಟೆಯ ಸೆಕೆಯೂ ಹಳ್ಳಿಯ ಸೆಕೆಯೂ ಒಂದೇ ಅಲ್ಲ. ಇದನ್ನು ಅಳತೆಯ ಆಧಾರದಿಂದ ಮೊದಲು ತೋರಿಸಿಕೊಟ್ಟವನು ಲಂಡನ್ನಿನ ಲ್ಯೂಕ್ ಹೋವರ್ಡ್. ವೃತ್ತಿಯಿಂದ ಆತ ಔಷಧಿಗಳ ತಯಾರಕ. ಮೋಡಗಳಿಗೆ ಇಂದಿಗೂ ಬಳಕೆಯಲ್ಲಿರುವ ಲ್ಯಾಟಿನ್ ಹೆಸರುಗಳನ್ನು ಕೊಟ್ಟವನೂ ಆತನೇ. 1818ರಲ್ಲಿ ಆತ ಲಂಡನ್ನಿನ ವಾಯುಗುಣವನ್ನು ಕುರಿತ ತನ್ನ ಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದ. ನಗರದೊಳಗಿನ ಉಷ್ಣತೆಯನ್ನು ಹೊರವಲಯದ ಉಷ್ಣತೆಯೊಡನೆ ಹೋಲಿಸಿ, ರಾತ್ರಿಯ ಹೊತ್ತು ನಗರ ಸುಮಾರು ಎರಡು ಡಿಗ್ರಿ ಸೆಲ್ಸಿಯಸ್ಸಿನಷ್ಟು ಹೆಚ್ಚು ಬೆಚ್ಚಗಿರುತ್ತದೆಂದು ಆತ ಕಂಡುಕೊಂಡ. ಇಂದು ಇದನ್ನು ನಗರದ ಉಷ್ಣದ್ವೀಪವೆಂದು ಕರೆಯುತ್ತಾರೆ. ಸುತ್ತಲಿನ ತಂಪಾದ ಹೊಲಗದ್ದೆಗಳ ನಡುವೆ ಊರೊಂದು ಬಿಸಿಯ ನಡುಗಡ್ಡೆಯಂತೆ ನಿಂತಿರುತ್ತದೆ ಎಂದರ್ಥ.

ಹೋವರ್ಡ್ ಹೇಳಿದ ಮಾತಿನಲ್ಲಿ 'ರಾತ್ರಿ' ಎಂಬ ಪದವನ್ನು ಗಮನಿಸಬೇಕು. ಹಗಲೆಲ್ಲ ಬಿಸಿಲು ಕುಡಿದ ಕಲ್ಲು, ಇಟ್ಟಿಗೆ, ಕಾಂಕ್ರೀಟು, ಡಾಂಬರುಗಳು ಸೂರ್ಯ ಮುಳುಗಿದ ಮೇಲೆ ಆ ಶಾಖವನ್ನು ನಿಧಾನವಾಗಿ ಹೊರಗೆ ಬಿಡುತ್ತವೆ. ಬಯಲಿನಲ್ಲಿ ಹಾಗೆ ಬಿಟ್ಟ ಶಾಖ ಆಕಾಶಕ್ಕೆ ಹೋಗಿಬಿಡುತ್ತದೆ. ಇಕ್ಕಟ್ಟಾದ ಬೀದಿಯಲ್ಲಿ ಅದಕ್ಕೆ ದಾರಿಯಿಲ್ಲ. ಒಂದು ಗೋಡೆ ಉಗುಳಿದ ಶಾಖವನ್ನು ಎದುರುಗೋಡೆ ನುಂಗುತ್ತದೆ, ಮತ್ತೆ ಉಗುಳುತ್ತದೆ. ಉಳ್ಳವರ ಮನೆಯ ವಾತಾನುಕೂಲ ಯಂತ್ರ ತನ್ನ ಕೋಣೆಯ ಶಾಖವನ್ನು ತೆಗೆದು ಅದೇ ಬೀದಿಗೆ ಚೆಲ್ಲುತ್ತದೆ. ಬೇಸಿಗೆಯ ಸಂಜೆ ನಾಲ್ಕರ ಹೊತ್ತಿನಲ್ಲಿ ಪಡುವಣ ಗೋಡೆಯ ಹೊರಮೈ ಮೇಲೆ ಕೈಯಿಟ್ಟು ನೋಡಿ; ಅದೇ ಗೋಡೆಯ ಒಳಮೈಯನ್ನು ರಾತ್ರಿ ಹತ್ತಕ್ಕೆ ಮುಟ್ಟಿ ನೋಡಿ. ಬಿಸಿಲು ಗೋಡೆಯನ್ನು ದಾಟಿ ಒಳಗೆ ಬರಲು ಇಷ್ಟು ಹೊತ್ತು ಹಿಡಿಯಿತು ಎಂಬುದು ತಿಳಿಯುತ್ತದೆ. ನಾವು ಮಲಗುವ ಹೊತ್ತಿಗೆ ಸರಿಯಾಗಿ ಅದು ಹಾಸಿಗೆಯ ಬಳಿಗೆ ಬಂದಿರುತ್ತದೆ.

ಇದು ಕೇವಲ ನೆಮ್ಮದಿಯ ಪ್ರಶ್ನೆಯಲ್ಲ. 2003ರ ಬೇಸಿಗೆಯಲ್ಲಿ ಯೂರೋಪಿನಲ್ಲಿ ಎದ್ದ ಬಿಸಿಗಾಳಿಯಿಂದ ಸಾಮಾನ್ಯ ವರ್ಷಗಳಿಗಿಂತ ಸುಮಾರು 70,000 ಮಂದಿ ಹೆಚ್ಚಾಗಿ ಸತ್ತರೆಂದು ಲೆಕ್ಕ ಹಾಕಲಾಗಿದೆ. ಫ್ರಾನ್ಸ್ ಒಂದರಲ್ಲಿಯೇ ಈ ಸಂಖ್ಯೆ ಸುಮಾರು 15,000. ಸತ್ತವರಲ್ಲಿ ಬಹುಮಂದಿ ವೃದ್ಧರು. ಕಟ್ಟಡದ ಮೇಲಂತಸ್ತಿನಲ್ಲಿ, ಕಾದ ಮಾಡಿನ ಕೆಳಗಡೆಯೇ ಮಲಗುತ್ತಿದ್ದವರಿಗೆ ಅಪಾಯ ಹೆಚ್ಚಾಗಿತ್ತೆಂಬುದು ಅಲ್ಲಿನ ವೈದ್ಯರು ಅನಂತರ ನಡೆಸಿದ ಪರಿಶೀಲನೆಯಿಂದ ಹೊರಬಿತ್ತು. ನಮ್ಮ ದೇಶದಲ್ಲಿ 2010ರ ಮೇ ತಿಂಗಳಿನಲ್ಲಿ ಅಹಮದಾಬಾದಿನಲ್ಲಿ ಉಷ್ಣತೆ 46.8 ಡಿಗ್ರಿಗೆ ಏರಿತು. ಆ ಒಂದು ತಿಂಗಳಲ್ಲಿ, ಅದರ ಹಿಂದುಮುಂದಿನ ವರ್ಷಗಳ ಮೇ ತಿಂಗಳಿಗೆ ಹೋಲಿಸಿದರೆ, 1,344 ಸಾವುಗಳು ಹೆಚ್ಚಾಗಿ ಸಂಭವಿಸಿದವು. ಆ ಆಘಾತದ ಫಲವಾಗಿ 2013ರಲ್ಲಿ ಆ ನಗರ ಬಿಸಿಲಿನ ಮುನ್ನೆಚ್ಚರಿಕೆಯ ಯೋಜನೆಯೊಂದನ್ನು ಜಾರಿಗೆ ತಂದಿತು. ಗೋಡೆಯೂ ಮಾಡೂ ಎಷ್ಟು ಕಾಯುತ್ತವೆ ಎಂಬುದು ಹೀಗೆ ಜೀವಮರಣದ ಪ್ರಶ್ನೆಯಾಗಬಲ್ಲದು.

ಇದಕ್ಕೆ ಮರವೇ ಮೊದಲ ಮದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮರಕ್ಕೆ ನೆಲ ಬೇಕು, ಬೇರಿಗೆ ಆಳ ಬೇಕು, ಇಪ್ಪತ್ತು ವರ್ಷಗಳ ತಾಳ್ಮೆ ಬೇಕು. ದಟ್ಟವಾಗಿ ಬೆಳೆದ ಬಡಾವಣೆಗಳಲ್ಲಿ ನೆಲವೇ ಇಲ್ಲ. ಇರುವ ಗೇಣಗಲದ ಮಣ್ಣಿನಡಿಯಲ್ಲಿ ನೀರಿನ ಕೊಳವೆ, ಒಳಚರಂಡಿ, ತಂತಿ ಎಲ್ಲವೂ ಹಾದುಹೋಗಿರುತ್ತವೆ. ನಗರದಲ್ಲಿ ನೆಲ ಕಡಿಮೆ, ಗೋಡೆ ಹೆಚ್ಚು. ನಿಂತ ಗೋಡೆಗೆ ನೆರಳು ಕೊಡಲು ನಿಂತು ಹಬ್ಬುವ ಗಿಡವೇ ಬೇಕು.

ಬಳ್ಳಿ ಗೋಡೆಯನ್ನು ತಂಪುಮಾಡುವ ಬಗೆ ಎರಡು. ಒಂದು, ನೆರಳು. ಗೋಡೆಗೆ ಬೀಳಬೇಕಾದ ಬಿಸಿಲು ಎಲೆಗಳ ಮೇಲೆ ಬೀಳುತ್ತದೆ. ಎಲೆಯ ಅಡುಗೆಗೆ ಅದರಲ್ಲಿ ಬೇಕಾಗುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ. ಉಳಿದುದರಲ್ಲಿ ಕೆಲವಂಶ ಪ್ರತಿಫಲಿಸುತ್ತದೆ, ಕೆಲವಂಶ ಎಲೆಯನ್ನು ಹಾದುಹೋಗುತ್ತದೆ, ಬಹುಭಾಗ ಎಲೆಯನ್ನು ಕಾಯಿಸುತ್ತದೆ. ಇಲ್ಲಿ ಎರಡನೆಯ ಬಗೆ ಕೆಲಸಕ್ಕೆ ತೊಡಗುತ್ತದೆ. ಎಲೆ ತನ್ನ ಸೂಕ್ಷ್ಮರಂಧ್ರಗಳಿಂದ ನೀರನ್ನು ಆವಿಯಾಗಿ ಬಿಟ್ಟು ತನ್ನನ್ನು ತಾನು ತಂಪುಮಾಡಿಕೊಳ್ಳುತ್ತದೆ. ಒಂದು ಲೀಟರು ತಣ್ಣೀರನ್ನು ಒಲೆಯ ಮೇಲಿಟ್ಟು ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖ ಎಷ್ಟೋ, ಒಂದು ಲೀಟರು ನೀರು ಎಲೆಯಿಂದ ಆವಿಯಾಗಿ ಹೋಗಲು ಅದರ ಏಳುಪಟ್ಟಿಗಿಂತ ಹೆಚ್ಚು ಶಾಖ ಬೇಕು. ವಿದ್ಯುತ್ತಿನ ಲೆಕ್ಕದಲ್ಲಿ ಹೇಳುವುದಾದರೆ ಅದು ಒಂದು ಯೂನಿಟ್ಟಿನ ಮೂರರಲ್ಲೆರಡು ಪಾಲು. ಇಷ್ಟು ಶಾಖ ಗೋಡೆಗೆ ಸೇರದೆ ಆವಿಯೊಡನೆ ಹೊರಟುಹೋಗುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ನಿಯಮದಿಂದ.

ಆದರೆ ಈ ಎರಡು ಬಗೆಗಳು ಎಲ್ಲ ಊರುಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಕೆಲಸಮಾಡುವುದಿಲ್ಲ. ಕಲಬುರಗಿಯ ಒಣಗಾಳಿಯಲ್ಲಿ ಎಲೆಯ ನೀರು ಬೇಗ ಆವಿಯಾಗುತ್ತದೆ. ತಂಪು ಹೆಚ್ಚು, ಆದರೆ ಬಳ್ಳಿಗೆರೆಯಲು ನೀರೇ ದುರ್ಲಭ. ಮಂಗಳೂರಿನಲ್ಲಿ ನೀರಿಗೆ ಅಷ್ಟು ಕೊರತೆಯಿಲ್ಲ, ಆದರೆ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ಆವಿಯಾಗುವುದು ನಿಧಾನ. ಅಲ್ಲಿ ನೆರಳೇ ಮುಖ್ಯ. ಬಳ್ಳಿಯೊಂದೇ, ನಿಯಮವೊಂದೇ, ಊರು ಬದಲಾದರೆ ಫಲವೂ ಬದಲು. ಗಣಕಯಂತ್ರದ ಅಗತ್ಯ ಎಲ್ಲಿ ಹುಟ್ಟುತ್ತದೆಂಬುದರ ಸುಳಿವು ಇಲ್ಲಿಯೇ ಸಿಗುತ್ತದೆ. ಅದಕ್ಕೆ ಮೊದಲು ಬಳ್ಳಿ ಹತ್ತುವ ಪರಿಯನ್ನು ಸ್ವಲ್ಪ ನೋಡೋಣ. ಏಕೆಂದರೆ ಹಂದರ ಕಟ್ಟುವವನಿಗೆ ಬಳ್ಳಿಯ ಸ್ವಭಾವ ತಿಳಿಯದಿದ್ದರೆ ಯಾವ ಯಂತ್ರವೂ ಅವನನ್ನು ಕಾಪಾಡಲಾರದು.

ಈ ವಿಷಯದಲ್ಲಿ ನಮಗೆ ಗುರು ಚಾರ್ಲ್ಸ್ ಡಾರ್ವಿನ್. ಹತ್ತುವ ಸಸ್ಯಗಳ ಚಲನೆಯನ್ನೂ ಅಭ್ಯಾಸಗಳನ್ನೂ ಕುರಿತು ಆತ ಬರೆದ ಪ್ರಬಂಧ 1865ರಲ್ಲಿ ಪ್ರಕಟವಾಯಿತು. ತಿದ್ದಿ ಬೆಳೆಸಿದ ರೂಪದಲ್ಲಿ 1875ರಲ್ಲಿ ಪುಸ್ತಕವಾಯಿತು. ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಬರೆದಿದ್ದ ಚಿಕ್ಕ ಲೇಖನವೊಂದೂ, ಆತ ಕಳುಹಿಸಿಕೊಟ್ಟ ಬೀಜಗಳೂ ಡಾರ್ವಿನ್ನನ ಕುತೂಹಲಕ್ಕೆ ಕಾರಣವಾದವು. ಕಾಯಿಲೆಯಿಂದ ಕೋಣೆ ಬಿಟ್ಟು ಹೊರಬರಲಾಗದೆ ಇದ್ದಾಗ ಡಾರ್ವಿನ್ ಹಾಪ್ ಎಂಬ ಬಳ್ಳಿಯ ಕುಂಡವನ್ನು ತನ್ನ ಬಳಿಯಲ್ಲೇ ಇಟ್ಟುಕೊಂಡು ಹಗಲಿರುಳು ಅದನ್ನು ನೋಡುತ್ತ ಕುಳಿತ. ಬಳ್ಳಿಯ ಎಳೆಯ ತುದಿ ಸುಮ್ಮನಿರುವುದಿಲ್ಲ; ಗಾಳಿಯಲ್ಲಿ ವೃತ್ತಾಕಾರವಾಗಿ ಸುತ್ತುತ್ತಿರುತ್ತದೆ. ಬಿಸಿಲಿರುವ ಹಗಲಿನಲ್ಲಿ ಹಾಪ್‌ ಬಳ್ಳಿಗೆ ಒಂದು ಸುತ್ತಿಗೆ ಸರಾಸರಿ 2 ಗಂಟೆ 8 ನಿಮಿಷ ಹಿಡಿಯುತ್ತದೆಂದು ಆತ ಬರೆದಿಟ್ಟ. ಹಾಗೆ ಸುತ್ತುವಾಗ ಏನಾದರೊಂದು ತಾಗಿದರೆ ತುದಿ ಅದನ್ನು ಬಳಸಿ ಏರುತ್ತದೆ. ಆಸರೆಗಾಗಿ ಬಳ್ಳಿ ಕಾದು ಕೂರುವುದಿಲ್ಲ, ಹುಡುಕುತ್ತದೆ ಎಂಬುದನ್ನು ಆ ಕೋಣೆಯಲ್ಲಿ ಡಾರ್ವಿನ್ ಕಂಡ.

ಹತ್ತುವ ಕ್ರಮಕ್ಕೆ ತಕ್ಕಂತೆ ಬಳ್ಳಿಗಳನ್ನು ಆತ ಬೇರೆ ಬೇರೆ ಗುಂಪುಗಳಾಗಿ ವಿಂಗಡಿಸಿದ. ನಮಗೆ ಪರಿಚಿತವಾದ ಗಿಡಗಳಿಂದಲೇ ಇದನ್ನು ಹೇಳಬಹುದು. ಹುರುಳಿಕಾಯಿಯ ಬಳ್ಳಿ ತನ್ನ ಮೈಯನ್ನೇ ಕೋಲಿಗೆ ಸುತ್ತಿಕೊಂಡು ಏರುತ್ತದೆ. ಅದಕ್ಕೆ ತೆಳ್ಳಗಿನ ಕಡ್ಡಿಯೋ ಹಗ್ಗವೋ ಬೇಕು, ಅಗಲವಾದ ಗೋಡೆಯನ್ನು ಅದು ಸುತ್ತಲಾರದು. ಹಾಗಲ, ಹೀರೆ, ಪಡವಲಗಳು ನೂಲಿನಂಥ ಎಳೆಗಳನ್ನು ಚಾಚಿ ಹಿಡಿಯುತ್ತವೆ. ಹಿಡಿದ ಎಳೆ ಅನಂತರ ಸುರುಳಿಯಾಗಿ ಬಳ್ಳಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ, ಗಾಳಿ ಬೀಸಿದಾಗ ಕಿತ್ತುಹೋಗದಂತೆ ಸ್ಪ್ರಿಂಗಿನ ಹಾಗೆ ಹಿಗ್ಗಿ ಕುಗ್ಗುತ್ತದೆ. ಇವಕ್ಕೆ ಬಲೆಯಂಥ ಹಂದರ ಒಳ್ಳೆಯದು. ವೀಳ್ಯದೆಲೆಯ ಬಳ್ಳಿ ಗೆಣ್ಣುಗಳಲ್ಲಿ ಬೇರುಬಿಟ್ಟು ಮರಕ್ಕೆ ಅಂಟಿಕೊಳ್ಳುತ್ತದೆ. ಕಾಗದದ ಹೂವಿನ ಗಿಡ ಮುಳ್ಳುಗಳ ಬಲದಿಂದ ಒರಗಿಕೊಂಡು ಮೇಲೇರುತ್ತದೆ; ಅದನ್ನು ಕಟ್ಟದೆ ಬಿಟ್ಟರೆ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಅಮೆರಿಕದ ಬಳ್ಳಿಯೊಂದು ಎಳೆಗಳ ತುದಿಯಲ್ಲಿ ಚಿಕ್ಕ ಬಿಲ್ಲೆಗಳನ್ನು ಬೆಳೆಸಿ ಗೋಡೆಗೆ ಅಂಟಿಕೊಳ್ಳುತ್ತದೆ. ಹತ್ತು ವರ್ಷವಾದರೂ ಆಗಿದ್ದ ಅಂಥ ಒಂದು ಎಳೆಯ ಸಣ್ಣ ಕವಲು ಎರಡು ಪೌಂಡ್, ಎಂದರೆ ಸುಮಾರು 900 ಗ್ರಾಂ, ತೂಕವನ್ನು ತಾಳಿತೆಂದು ಡಾರ್ವಿನ್ ಬರೆದಿದ್ದಾನೆ.

ಅಂಟುವ ಬಳ್ಳಿ ಗೋಡೆಯನ್ನು ಕೆಡಿಸುತ್ತದೆಂಬ ಭಯ ಎಲ್ಲೆಡೆಯೂ ಇದೆ. ಇಂಗ್ಲೆಂಡಿನ ಐದು ಕಡೆ ಹಳೆಯ ಗೋಡೆಗಳ ಮೇಲಿನ ಐವಿ ಬಳ್ಳಿಯನ್ನು ಪರಿಶೀಲಿಸಿ ಆಕ್ಸ್‌ಫರ್ಡಿನ ಸಂಶೋಧಕರು 2011ರಲ್ಲಿ ಒಂದು ವರದಿ ಪ್ರಕಟಿಸಿದರು. ಬಳ್ಳಿ ಮುಚ್ಚಿದ ಗೋಡೆ ಬರಿಯ ಗೋಡೆಗಿಂತ ಹಗಲು ಕಡಿಮೆ ಕಾಯುತ್ತದೆ, ಇರುಳು ಕಡಿಮೆ ತಣ್ಣಗಾಗುತ್ತದೆ ಎಂಬುದು ಅವರ ಅಳತೆಗಳಿಂದ ತಿಳಿಯಿತು. ಗಟ್ಟಿಯಾದ ಗೋಡೆಗೆ ಇದರಿಂದ ರಕ್ಷಣೆಯುಂಟು. ಬಿರುಕುಬಿಟ್ಟ ಗೋಡೆಯ ಸಂದಿಗೆ ಬೇರಿಳಿದರೆ ಕೇಡೂ ಉಂಟು. ಗೋಡೆಯಿಂದ ಒಂದು ಗೇಣು ದೂರದಲ್ಲಿ ತಂತಿಯನ್ನು ಎಳೆದು ಅದರ ಮೇಲೆ ಬಳ್ಳಿಯನ್ನು ಹಬ್ಬಿಸಿದರೆ ಈ ಅಂಜಿಕೆಯೂ ತಪ್ಪುತ್ತದೆ, ನಡುವೆ ಗಾಳಿಯೂ ಆಡುತ್ತದೆ.

ತರಕಾರಿಯ ಬಳ್ಳಿಯನ್ನೇ ಕಿಟಕಿಯ ಪರದೆಯಾಗಿ ಬಳಸುವ ರೂಢಿಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಜಪಾನಿನ ಜನ. ಅವರು ಇದನ್ನು 'ಹಸಿರು ಪರದೆ' ಎನ್ನುತ್ತಾರೆ. ಮೊಗಸಾಲೆಯ ಮುಂದೆ ಬಲೆಯನ್ನು ಇಳಿಬಿಟ್ಟು, ಕೆಳಗಿನ ಕುಂಡದಲ್ಲಿ ಹಾಗಲದ ಬೀಜವನ್ನು ಊರುತ್ತಾರೆ. ಬೇಸಿಗೆ ಏರುತ್ತಿದ್ದಂತೆ ಪರದೆಯೂ ಏರುತ್ತದೆ. ಚಳಿಗಾಲಕ್ಕೆ ಮುಂಚೆ ಬಳ್ಳಿ ಒಣಗಿ, ಬಿಸಿಲು ಬೇಕಾದ ಕಾಲಕ್ಕೆ ಕಿಟಕಿ ತೆರೆದುಕೊಳ್ಳುತ್ತದೆ. ನಡುವೆ ಊಟದ ತಟ್ಟೆಗೆ ಕಾಯಿಯೂ ಬರುತ್ತದೆ. 2011ರ ಮಾರ್ಚ್ 11ರ ಭೂಕಂಪ ಮತ್ತು ಕಡಲುಬ್ಬರದ ಅನಂತರ ಫುಕುಶಿಮಾದ ಪರಮಾಣು ಸ್ಥಾವರ ಹಾಳಾಗಿ, ವಿದ್ಯುತ್ತಿನ ಅಭಾವ ತಲೆದೋರಿತು. ಆ ಬೇಸಿಗೆಯಲ್ಲಿ ತೋಕಿಯೋ ಸುತ್ತಲಿನ ಪ್ರದೇಶದಲ್ಲಿಯೂ ಈಶಾನ್ಯ ಜಪಾನಿನಲ್ಲಿಯೂ ವಿದ್ಯುತ್ತಿನ ಬಳಕೆಯನ್ನು ನೂರಕ್ಕೆ 15ರಷ್ಟು ಇಳಿಸಬೇಕೆಂದು ಸರ್ಕಾರ ಕೇಳಿಕೊಂಡಿತು. ಶಾಲೆ, ಕಚೇರಿ, ಮನೆಗಳಲ್ಲಿ ಹಸಿರು ಪರದೆಯ ಪ್ರಚಾರ ಹೆಚ್ಚಿತು. ಹಾಗಲವೆಂದರೆ ಕಹಿಯೆಂದು ಮುಖ ಸಿಂಡರಿಸುವ ಮಕ್ಕಳಿಗೆ ಅದರ ಇನ್ನೊಂದು ಉಪಯೋಗವನ್ನು ಹೇಳಲು ಇದು ಒಳ್ಳೆಯ ನಿದರ್ಶನ.

ನಮಗೆ ಇದು ತೀರ ಹೊಸತೇನಲ್ಲ. ನಾನು ಬೆಳೆದ ಮನೆಯ ಹಿತ್ತಿಲಿನಲ್ಲಿ ಚಪ್ಪರದವರೆಯ ಹಂದರವಿತ್ತು. ಮಧ್ಯಾಹ್ನ ಊಟ ಮುಗಿಸಿದ ಹೆಂಗಸರು ಅಕ್ಕಿ ಆರಿಸುತ್ತಿದ್ದುದು, ಹೂ ಕಟ್ಟುತ್ತಿದ್ದುದು ಅದರಡಿಯಲ್ಲೇ. ನೆರಳಿಗಾಗಿ ಅದನ್ನು ಹಾಕಿದ್ದೆಂದು ಯಾರೂ ಹೇಳುತ್ತಿರಲಿಲ್ಲ. ಕಾಯಿಗಾಗಿ ಹಾಕಿದ್ದೆಂದೇ ಎಲ್ಲರ ಮಾತು. ನೆರಳು ಮಾತ್ರ ಎಲ್ಲರಿಗೂ ಸಿಗುತ್ತಿತ್ತು. ಅಂಥ ಹಿತ್ತಿಲು ಇಂದು ಪಟ್ಟಣಗಳಲ್ಲಿ ಉಳಿದಿಲ್ಲ. ಉಳಿದಿರುವುದು ಗೋಡೆಯ ಮೈ, ಮೂರನೆಯ ಅಂತಸ್ತಿನ ಬಾಲ್ಕನಿ, ಎರಡು ಕಟ್ಟಡಗಳ ನಡುವಿನ ಮೂರಡಿ ಸಂದಿ. ಹಿತ್ತಿಲಿನ ಅನುಭವ ಇಲ್ಲಿ ಸಾಲದು. ಎಲ್ಲಿ ಹಬ್ಬಿಸಿದರೆ ಎಷ್ಟು ಫಲ ಎಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು.

ಏಕೆಂದರೆ ಒಳ್ಳೆಯದೆಂದು ಹಾಕಿದ ಬಳ್ಳಿ ಕೆಲವೊಮ್ಮೆ ತೊಡಕನ್ನೂ ತರುತ್ತದೆ. ಜಪಾನಿನ ಅಕಿರಾ ಹೋಯಾನೊ ಎಂಬ ಸಂಶೋಧಕರು ಬಳ್ಳಿಯ ಪರದೆ, ಬಳ್ಳಿಯ ಚಪ್ಪರ, ಬಳ್ಳಿ ಮುಚ್ಚಿದ ಗೋಡೆ ಇವುಗಳ ಮೇಲೆ ಅಳತೆಗಳನ್ನು ನಡೆಸಿ 1988ರಲ್ಲಿ ಪ್ರಕಟಿಸಿದರು. ಪರದೆ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ಆದರೆ ತುಂಬ ದಟ್ಟವಾದರೆ ಕೋಣೆಗೆ ಬರುವ ಗಾಳಿಯನ್ನೂ ತಡೆಯುತ್ತದೆ ಎಂದು ಅವರು ತೋರಿಸಿದರು. ಬಿಸಿಲು ಬೇಡ, ಗಾಳಿ ಬೇಕು. ಎಲೆಗೆ ಈ ಭೇದ ತಿಳಿಯದು. ಹಂದರವನ್ನು ಕಿಟಕಿಯ ಯಾವ ಭಾಗಕ್ಕೆ, ಎಷ್ಟು ದೂರಕ್ಕೆ, ಯಾವ ಕೋನದಲ್ಲಿ ನಿಲ್ಲಿಸಬೇಕೆಂಬುದು ಆದುದರಿಂದ ಬುದ್ಧಿ ಓಡಿಸಬೇಕಾದ ವಿಷಯ.

ಗಣಕಯಂತ್ರ ಬರುವುದು ಇಲ್ಲಿ. ಅದು ಮಾಡುವ ಮೊದಲ ಕೆಲಸ ಸೂರ್ಯನ ದಾರಿಯನ್ನು ಎಳೆಯುವುದು. ಜ್ಯೂರಿಕ್ ನಗರ 47 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ವರ್ಷವಿಡೀ ನಡುಹಗಲಿನ ಸೂರ್ಯ ತೆಂಕಣ ದಿಕ್ಕಿನಲ್ಲಿರುತ್ತಾನೆ, ಆದುದರಿಂದ ಅಲ್ಲಿನವರು ತೆಂಕಣ ಗೋಡೆಗೆ ಬಳ್ಳಿ ಹಬ್ಬಿಸುವ ಮಾತಾಡುತ್ತಾರೆ. ಬೆಂಗಳೂರು ಇರುವುದು 13 ಡಿಗ್ರಿಯಲ್ಲಿ. ಇಲ್ಲಿ ಏಪ್ರಿಲ್ ಕೊನೆಯ ಭಾಗದಲ್ಲಿಯೂ ಆಗಸ್ಟ್ ನಡುವಿನಲ್ಲಿಯೂ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ನಡುವಣ ತಿಂಗಳುಗಳಲ್ಲಿ ನಡುಹಗಲಿನಲ್ಲಿ ಅವನು ಬಡಗಣಕ್ಕೆ ಸರಿದಿರುತ್ತಾನೆ. ಬೇಸಿಗೆಯಲ್ಲಿ ನಮ್ಮ ತೆಂಕಣ ಗೋಡೆಗೆ ಬೀಳುವ ಬಿಸಿಲು ಅಲ್ಪ. ಮೂಡಣ ಪಡುವಣ ಗೋಡೆಗಳೇ ಓರೆಬಿಸಿಲಿಗೆ ಸಿಕ್ಕಿ ಕಾಯುವವು. ಅದರಲ್ಲಿಯೂ ಗಾಳಿ ಆಗಲೇ ಕಾದಿರುವ ಸಂಜೆಯ ಬಿಸಿಲನ್ನು ತಡೆಯಬೇಕಾದದ್ದು ಪಡುವಣ ಗೋಡೆ. ಯೂರೋಪಿನ ಪುಸ್ತಕವನ್ನು ನೋಡಿ ಇಲ್ಲಿ ಬಳ್ಳಿ ನೆಟ್ಟರೆ ನೆರಳು ಬೇಡದ ಕಡೆ ನೆರಳಾಗುತ್ತದೆ.

ಎರಡನೆಯ ಕೆಲಸ ಇನ್ನೂ ಜಟಿಲವಾದದ್ದು. ಜರ್ಮನಿಯ ಬೋಖುಮ್ ನಗರದ ವಿಶ್ವವಿದ್ಯಾಲಯದಲ್ಲಿ ಮಿಖಾಯೆಲ್ ಬ್ರೂಸ ಎಂಬ ವಿಜ್ಞಾನಿ 'ಎನ್ವಿ-ಮೆಟ್' ಎಂಬ ಗಣಕದ ಮಾದರಿಯನ್ನು ರೂಪಿಸಿದರು. ಅದರ ವಿವರ 1998ರಲ್ಲಿ ಪ್ರಕಟವಾಯಿತು. ಒಂದು ಬೀದಿಯನ್ನು ಅದು ಕೆಲವೇ ಅಡಿಗಳ ಸಾವಿರಾರು ಚೌಕಟ್ಟುಗಳಾಗಿ ವಿಭಾಗಿಸುತ್ತದೆ. ಪ್ರತಿಯೊಂದು ಚೌಕಟ್ಟಿನಲ್ಲಿ ಬಿಸಿಲೆಷ್ಟು, ಗಾಳಿಯೆಷ್ಟು, ತೇವವೆಷ್ಟು, ಎಲೆಯಿದ್ದರೆ ಅದರ ದಟ್ಟಣೆಯೆಷ್ಟು, ಪಕ್ಕದ ಗೋಡೆಯಿಂದ ಬರುವ ಶಾಖವೆಷ್ಟು ಎಂಬುದನ್ನು ಗಳಿಗೆಗಳಿಗೆಗೂ ಲೆಕ್ಕ ಹಾಕಿ, ನೆರೆಯ ಚೌಕಟ್ಟಿನೊಡನೆ ಅದನ್ನು ಸರಿತೂಗಿಸುತ್ತ ಹೋಗುತ್ತದೆ. ನೂರಾರು ಗುಮಾಸ್ತರು ವರ್ಷಗಟ್ಟಲೆ ಕುಳಿತು ಮಾಡಬೇಕಾದ ಲೆಕ್ಕ ಇದು. ಇದರಿಂದ ಆಗುವ ಲಾಭವೇನೆಂದರೆ, ಒಂದು ಮೊಳ ತಂತಿಯನ್ನೂ ಎಳೆಯುವ ಮೊದಲೇ, ಬಳ್ಳಿಯನ್ನು ಈ ಗೋಡೆಗೆ ಹಬ್ಬಿಸಿದರೆ ಏನಾದೀತು, ಆ ಗೋಡೆಗೆ ಹಬ್ಬಿಸಿದರೆ ಏನಾದೀತು ಎಂದು ಹೋಲಿಸಿ ನೋಡಬಹುದು.

ಇಂಥ ಲೆಕ್ಕಗಳಲ್ಲಿ ಪ್ರಸಿದ್ಧವಾದದ್ದು 2008ರಲ್ಲಿ ಪ್ರಕಟವಾದ ಅಲೆಕ್ಸಾಂಡ್ರಿ ಮತ್ತು ಜೋನ್ಸ್ ಅವರ ಅಧ್ಯಯನ. ಅವರು ತಮ್ಮದೇ ಮಾದರಿಯೊಂದರಿಂದ, ನಮ್ಮ ಮುಂಬಯಿಯೂ ಸೇರಿದಂತೆ ಪ್ರಪಂಚದ ಒಂಬತ್ತು ನಗರಗಳ ವಾಯುಗುಣದಲ್ಲಿ, ಎರಡು ಕಟ್ಟಡಗಳ ನಡುವಿನ ಬೀದಿಯನ್ನು ಪರೀಕ್ಷಿಸಿದರು. ವಾಯುಗುಣ ಬಿಸಿಯಾಗಿ ಒಣಗಿದ್ದಷ್ಟೂ ಹಸಿರಿನ ಫಲ ಹೆಚ್ಚೆಂದೂ, ತೇವದ ಹಾಂಗ್‌ಕಾಂಗಿನಲ್ಲಿ ಸಹ ಗೋಡೆ ಮಾಡುಗಳೆರಡೂ ಹಸಿರಾದರೆ ಬೀದಿಯ ಉಷ್ಣತೆ ಹೆಚ್ಚೆಂದರೆ 8.4 ಡಿಗ್ರಿಯವರೆಗೆ ಇಳಿಯಬಹುದೆಂದೂ ಅವರ ಲೆಕ್ಕ ಹೇಳಿತು. ಈ ಅಂಕಿಯನ್ನು ಕೇಳಿ ಹಿಗ್ಗುವ ಮುನ್ನ ಅದರ ಹಿಂದಿನ ಷರತ್ತನ್ನು ಓದಿಕೊಳ್ಳಬೇಕು. ಬೀದಿಯ ಗೋಡೆಗಳೆಲ್ಲ, ಮಾಡುಗಳೆಲ್ಲ ಹಸಿರಿನಿಂದ ಮುಚ್ಚಿರುವಾಗಿನ ಮಾತು ಇದು. ಒಂದು ಮನೆಯವರು ಒಂದು ಬಳ್ಳಿ ಹಬ್ಬಿಸಿದರೆ ಅವರ ಗೋಡೆ ತಂಪಾಗುತ್ತದೆ, ಬೀದಿ ತಂಪಾಗುವುದಿಲ್ಲ. ಬೀದಿ ತಂಪಾಗಬೇಕಾದರೆ ಬೀದಿಯವರೆಲ್ಲ ಕೂಡಬೇಕು. ಗಣಕದ ಲೆಕ್ಕದಿಂದ ನಾನು ಕಲಿತ ಮುಖ್ಯವಾದ ಪಾಠ ಇದು, ಮತ್ತು ಇದು ಭೌತಶಾಸ್ತ್ರದ ಪಾಠವಲ್ಲ.

ಬಳ್ಳಿ ಮತ್ತು ಯಂತ್ರಗಳ ಸಂಬಂಧ ಇನ್ನೂ ಮುಂದಕ್ಕೆ ಹೋಗಿದೆ. ಯೂರೋಪಿನ ಹಲವು ವಿಶ್ವವಿದ್ಯಾಲಯಗಳು ಸೇರಿ 2015ರಿಂದ 2019ರವರೆಗೆ 'ಫ್ಲೋರಾ ರೊಬೋಟಿಕಾ' ಎಂಬ ಯೋಜನೆಯನ್ನು ನಡೆಸಿದವು. ಹಂದರದ ಕವಲುಗಳಲ್ಲಿ ಚಿಕ್ಕ ಯಂತ್ರಗಳನ್ನು ಕೂರಿಸಿ, ಬಳ್ಳಿಯ ತುದಿ ಹತ್ತಿರ ಬಂದುದನ್ನು ಅವು ತಾವೇ ಗುರುತಿಸುವಂತೆ ಮಾಡಿದರು. ಬಳ್ಳಿ ಯಾವ ಕಡೆಗೆ ತಿರುಗಬೇಕೋ ಆ ಕಡೆಯ ಯಂತ್ರ ನೀಲಿ ಬೆಳಕನ್ನು ಹೊತ್ತಿಸುತ್ತದೆ. ಎಳೆಯ ತುದಿ ಆ ಬೆಳಕಿನತ್ತ ಬಾಗುತ್ತದೆ. ಹೀಗೆ ಹುರುಳಿಕಾಯಿಯ ಬಳ್ಳಿಯನ್ನು ಮೊದಲೇ ಬರೆದಿಟ್ಟ ನಕ್ಷೆಯ ದಾರಿಯಲ್ಲಿ ಹತ್ತಿಸಿದ ಪ್ರಯೋಗದ ವಿವರ 2018ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯೊಂದರಲ್ಲಿ ಬಂದಿತು. ಕೋಣೆಯಲ್ಲಿ ನಡೆದ ಈ ಪ್ರಯೋಗ ಬೀದಿಯ ಗೋಡೆಗೆ ಬರಲು ಬಹಳ ದಾರಿಯಿದೆ. ಆದರೂ ಡಾರ್ವಿನ್ ಹಾಸಿಗೆಯ ಬಳಿ ಕುಳಿತು ನೋಡಿದ ಆ ಸುತ್ತಾಟವನ್ನೇ ಈ ಯಂತ್ರಗಳೂ ಕಾದು ನೋಡುತ್ತಿವೆಯೆಂಬುದು ನನಗೆ ಸ್ವಾರಸ್ಯವಾಗಿ ಕಂಡಿತು.

ದೊಡ್ಡ ಅಳತೆಯ ಹಂದರವನ್ನು ನೋಡಬೇಕಾದರೆ ಜ್ಯೂರಿಕ್ಕಿಗೇ ಮರಳಬೇಕು. ಅಲ್ಲಿನ ಓರ್ಲಿಕಾನ್ ಎಂಬ ಭಾಗದಲ್ಲಿ ಹಿಂದೆ ದೊಡ್ಡ ಯಂತ್ರಗಳ ಕಾರ್ಖಾನೆಯಿತ್ತು. ಕಾರ್ಖಾನೆಯ ಕಾಲ ಮುಗಿದ ಮೇಲೆ ಆ ನೆಲದಲ್ಲಿ 2002ರಲ್ಲಿ ಒಂದು ಉದ್ಯಾನವನ್ನು ತೆರೆದರು. ಹಳೆಯ ಕಾರ್ಖಾನೆಯ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಎಂ.ಎಫ್.ಓ. ಪಾರ್ಕ್ ಎಂದು ಹೆಸರು. ಸುಮಾರು 100 ಮೀಟರ್ ಉದ್ದ, 35 ಮೀಟರ್ ಅಗಲ, 17 ಮೀಟರ್ ಎತ್ತರದ ಉಕ್ಕಿನ ಹಂದರ ಅದು. ಗೋಡೆಯಿಲ್ಲದ ಒಂದು ಕಾರ್ಖಾನೆಯ ಆಕಾರ. ನೂರಕ್ಕೂ ಹೆಚ್ಚು ಬಗೆಯ ಬಳ್ಳಿಗಳು ತಂತಿಗಳನ್ನು ಹಿಡಿದು ಅದನ್ನೇರಿವೆ. ಮೆಟ್ಟಿಲು ಹತ್ತಿ, ಎಲೆಗಳ ನಡುವೆಯೇ ಅಂತಸ್ತಿನಿಂದ ಅಂತಸ್ತಿಗೆ ಹೋಗಬಹುದು. ಗಮನಿಸಬೇಕಾದದ್ದು ಇಷ್ಟು: ತೆರೆದ ದಿನ ಅಲ್ಲಿದ್ದದ್ದು ಬಹುಮಟ್ಟಿಗೆ ಬರಿಯ ಉಕ್ಕು. ಹಸಿರು ತುಂಬಲು ವರ್ಷಗಳು ಹಿಡಿದವು. ಆ ವರ್ಷಗಳಲ್ಲಿ ನೀರಿತ್ತು, ಸವರುವ ಕೈಗಳಿದ್ದವು, ಕಾಯುವ ಮನಸ್ಸಿತ್ತು. ಅದಕ್ಕೆಲ್ಲ ಹಣ ಕೊಡಬಲ್ಲ ಪುರಸಭೆಯೂ ಇತ್ತು.

ನಮ್ಮಲ್ಲಿ ಬಳ್ಳಿಯ ಯೋಜನೆಗಳು ಸೋಲುವುದು ಈ ಕಡೆಯಿಂದಲೇ. ಸಾರ್ವಜನಿಕ ಕಂಬಗಳಿಗೆ, ಸೇತುವೆಯ ಗೋಡೆಗಳಿಗೆ ಕುಂಡಗಳನ್ನು ತೂಗುಹಾಕಿದ್ದನ್ನು ನಾವು ಕಂಡಿದ್ದೇವೆ; ಎರಡನೆಯ ಬೇಸಿಗೆಗೆ ಅವುಗಳಲ್ಲಿ ಒಣಕಡ್ಡಿ ಉಳಿದಿದ್ದನ್ನೂ ಕಂಡಿದ್ದೇವೆ. ನಕ್ಷೆಯಲ್ಲಿ ಎಲೆಯ ದಟ್ಟಣೆಯಿತ್ತು, ನೀರೆರೆಯುವವನು ಇರಲಿಲ್ಲ. ಗಣಕಕ್ಕೆ ಕೊಟ್ಟ ಎಲೆ ಎಂದೂ ಬಾಡುವುದಿಲ್ಲ. ಗೋಡೆಯ ಮೇಲಿನ ಎಲೆ ಮೂರು ದಿನ ನೀರಿಲ್ಲದಿದ್ದರೆ ಬಾಡುತ್ತದೆ. ನೆಲದಲ್ಲಿ ಬೇರೂರಿದ ಬಳ್ಳಿ ಕುಂಡದ ಬಳ್ಳಿಗಿಂತ ಗಟ್ಟಿ; ಆದುದರಿಂದ ಗೋಡೆಯ ಬುಡದಲ್ಲಿ ಒಂದಡಿ ಮಣ್ಣನ್ನು ಸಿಮೆಂಟಿನಿಂದ ಮುಚ್ಚದೆ ಬಿಡುವುದು ಎಲ್ಲಕ್ಕಿಂತ ಮೊದಲ ಹೆಜ್ಜೆ. ಪಾತ್ರೆ ತೊಳೆದ ನೀರನ್ನು ಸೋಸಿ ಆ ಬುಡಕ್ಕೆ ಹರಿಯಿಸುವುದು ಎರಡನೆಯದು. ಕೆಳಗೆ ನೀರು ನಿಂತು ಸೊಳ್ಳೆಗೆ ಮನೆಯಾಗದಂತೆ, ಕಸ ಸೇರಿ ಹಾವಿಗೆ ಅಡಗುದಾಣವಾಗದಂತೆ ನೋಡಿಕೊಳ್ಳುವುದು ಮೂರನೆಯದು. ಇವು ಮೂರೂ ಗಣಕದಲ್ಲಿ ಕಾಣಿಸಿಕೊಳ್ಳುವ ಸಂಗತಿಗಳಲ್ಲ.

ಹಾಗೆಂದು ಗಣಕವನ್ನು ನಾನು ಹಳಿಯುತ್ತಿಲ್ಲ. ಅದರಿಂದ ಆಗಬಹುದಾದ ಒಂದು ಉಪಕಾರ ಬೇರೆ ಯಾವುದರಿಂದಲೂ ಆಗಲಾರದು. ಒಂದು ಊರಿನಲ್ಲಿ ಯಾವ ಬೀದಿ, ಯಾವ ಗೋಡೆ, ಯಾವ ಮಾಡು ರಾತ್ರಿಯವರೆಗೂ ಕಾದಿರುತ್ತದೆ ಎಂಬುದನ್ನು ಅದು ಪಕ್ಷಪಾತವಿಲ್ಲದೆ ತೋರಿಸಬಲ್ಲದು. ಹಾಗೆ ತೋರಿಸಿದಾಗ ಕಂಡುಬರುವ ಮನೆಗಳು ಬಹುಮಟ್ಟಿಗೆ ಯಾರವೆಂದು ಊಹಿಸುವುದು ಕಷ್ಟವಲ್ಲ. ತಗಡಿನ ಮಾಡು, ಒಂದೇ ಕಿಟಕಿ, ಮರವಿಲ್ಲದ ಬೀದಿ, ಪಡುವಣಕ್ಕೆ ಮುಖ ಮಾಡಿದ ಗೋಡೆ. ಒಳಗೆ ವಯಸ್ಸಾದವರು, ಎಳೆಯ ಮಕ್ಕಳು. ಗಾಜಿನ ಕಚೇರಿಗಳ ಮುಂಭಾಗವನ್ನು ಅಲಂಕರಿಸಲು ಬಳ್ಳಿಯನ್ನು ಬಳಸುವುದರಲ್ಲಿ ತಪ್ಪೇನಿಲ್ಲ. ಆದರೆ ನೆರಳಿನ ಮೊದಲ ಪಾಲು ಸಲ್ಲಬೇಕಾದದ್ದು ಆ ಗೋಡೆಗಳಿಗೆ.

ಅದಕ್ಕೆ ಬೇಕಾದ ಸಾಮಗ್ರಿ ದುಬಾರಿಯದಲ್ಲ. ಹಾಗಲ, ಹೀರೆ, ತೊಂಡೆ, ಬಸಳೆ, ಶಂಖಪುಷ್ಪ, ಅಮೃತಬಳ್ಳಿ ಇವು ನಮ್ಮ ಮಣ್ಣಿಗೆ ಒಗ್ಗಿದವು, ಕಾಯನ್ನೋ ಸೊಪ್ಪನ್ನೋ ಮದ್ದನ್ನೋ ಕೊಡುವವು. ಬೇಸಿಗೆಗೆ ಎಲೆ ತುಂಬಿರಬೇಕಾದರೆ ಚಳಿಗಾಲ ಮುಗಿಯುವ ಹೊತ್ತಿಗೇ ಬೀಜ ಊರಬೇಕು. ಮೊದಲ ವರ್ಷ ಬಳ್ಳಿ ಅರ್ಧ ಗೋಡೆಯನ್ನು ಮುಚ್ಚಿದರೂ ಸಾಕೆಂದುಕೊಳ್ಳಬೇಕು. ಬೀದಿಯಲ್ಲಿ ಒಬ್ಬರು ಹಬ್ಬಿಸಿದ್ದನ್ನು ನೋಡಿ ಪಕ್ಕದವರು ಬೀಜ ಕೇಳಿ ಪಡೆಯುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ತಂತಿಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಗಣಕ ಹೇಳಲಿ. ಬೀಜವನ್ನು ನೆರೆಮನೆಗೆ ದಾಟಿಸುವ ಕೆಲಸ ನಮಗಿರಲಿ.